ಟ್ರೇಲರ್ ಮನೆಯಲ್ಲಿ ಎಣ್ಣೆಬಣ್ಣ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಆರು ವರ್ಷದಿಂದ ನಾನು ಮತ್ತು ನಮ್ಮವರು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಒಂದು ಟ್ರಾವೆಲ್ ಟ್ರೇಲರ್‌ನಲ್ಲೇ ವಾಸವಾಗಿದ್ದೇವೆ. ಊರಿಂದ ಫೋನ್ ಮಾಡುವವರು, ಇಲ್ಲಿನ ಕನ್ನಡ ಕೂಟಗಳಲ್ಲಿ ಸಿಗುವವರು, ಕ್ಯಾಂಪಿನಲ್ಲಿ ಪಕ್ಕದ ಗಾಡಿಯವರು, ಎಲ್ಲರೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು. ಎಲ್ಲವನ್ನೂ ಓದಲು ಪುರುಸೊತ್ತಿಲ್ಲ ಅಂದರೂ ಬೆಂಕಿಯ ವಿಷಯವನ್ನು ಮಾತ್ರ ದಯವಿಟ್ಟು ಪೂರ್ತಿ ಓದಿ.

ಟ್ರಾವೆಲ್ ಟ್ರೇಲರ್ ಅಂದರೆ ಏನು? ವ್ಯಾನ್ ತರಹದ್ದಾ?

ಅಲ್ಲ. ವ್ಯಾನಿಗೆ ಎಂಜಿನ್ ಇರುತ್ತದೆ, ಇದಕ್ಕೆ ಇಲ್ಲ. ನಾಲ್ಕು ಚಕ್ರದ ಮೇಲೆ ಕೂರಿಸಿದ ಮನೆ ಅಂದುಕೊಳ್ಳಿ. ಪಿಕಪ್ ಟ್ರಕ್ಕಿಗೆ ಕೊಂಡಿ ಹಾಕಿ ಎಳೆಯಬೇಕು. ನಮ್ಮದು 22 ಅಡಿ ಉದ್ದ. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಒಂದು ಮೇಜು, ಪುಟ್ಟ ಬಚ್ಚಲು. ಅಡಿಯಲ್ಲಿ ಮೂರು ಟ್ಯಾಂಕ್: ಒಳ್ಳೆ ನೀರಿಗೆ ಒಂದು, ತೊಳೆದ ನೀರಿಗೆ ಒಂದು, ಕಕ್ಕಸಿಗೆ ಒಂದು. ಚಾವಣಿ ಮೇಲೆ 400 ವಾಟಿನ ಸೋಲಾರ್ ಪ್ಯಾನೆಲ್ ಇದೆ.

ಕೊಂಡಿ ಬಿಚ್ಚಿ ಮನೆಯನ್ನು ಕ್ಯಾಂಪಿನಲ್ಲಿ ಬಿಟ್ಟು, ಬಣ್ಣದ ಪೆಟ್ಟಿಗೆಯನ್ನು ಟ್ರಕ್ಕಿಗೆ ಹಾಕಿಕೊಂಡು ಎಲ್ಲಿ ಬೇಕಾದರೂ ಹೋಗಬಹುದು. ಒದ್ದೆ ಚಿತ್ರಗಳು ಮನೆಯಲ್ಲೇ ಅಲುಗಾಡದೆ ಒಣಗುತ್ತಿರುತ್ತವೆ. ಚಿತ್ರ ಬರೆಯುವವರಿಗೆ ವ್ಯಾನಿಗಿಂತ ಟ್ರೇಲರ್ ಮೇಲು ಅಂತ ನಾನು ಹೇಳುವುದು ಇದೊಂದು ಕಾರಣಕ್ಕೆ.

ಎಣ್ಣೆಬಣ್ಣವೇ ಯಾಕೆ? ಜಲವರ್ಣ ಸುಲಭ ಅಲ್ವಾ?

ಅರಿಜೋನಾದ ಮರುಭೂಮಿಯಲ್ಲಿ ನಿಂತು ಜಲವರ್ಣ ಮಾಡಿ ನೋಡಿ. ಆಕಾಶಕ್ಕೆ ನೀಲಿ ಹಚ್ಚುತ್ತಾ ಕೆಳಗೆ ಬರುವಷ್ಟರಲ್ಲಿ ಮೇಲಿನ ಅಂಚು ಒಣಗಿ ಗೆರೆ ಬಿದ್ದಿರುತ್ತದೆ. ಅಕ್ರಿಲಿಕ್ ಆದರೆ ಬಣ್ಣ ಬೆರೆಸುವ ಪ್ಯಾಲೆಟ್ ಮೇಲೇ ಕೆನೆಗಟ್ಟುತ್ತದೆ. ಚಳಿಗಾಲದ ರಾತ್ರಿ ಟ್ಯೂಬಿನಲ್ಲೇ ಹೆಪ್ಪುಗಟ್ಟಿದರೆ ಅಕ್ರಿಲಿಕ್ ಕೆಟ್ಟೇ ಹೋಗಬಹುದು. ಎಣ್ಣೆಬಣ್ಣಕ್ಕೆ ಈ ಎರಡು ತೊಂದರೆಯೂ ಇಲ್ಲ. ಬೆಳಿಗ್ಗೆ ಹಿಂಡಿದ ಬಣ್ಣ ಸಂಜೆಗೂ ಬೆಣ್ಣೆಯ ಹಾಗಿರುತ್ತದೆ. ಚಳಿಗೆ ಗಟ್ಟಿಯಾಗುತ್ತದೆ, ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಇನ್ನೊಂದು ಮಾತು. ಇಲ್ಲಿನ ಬೆಟ್ಟಗಳ ಬಣ್ಣ ಒಂದೇ ಸಲಕ್ಕೆ ಸಿಗುವುದಿಲ್ಲ. ದೂರದಿಂದ ಕೆಂಪು ಅನ್ನಿಸುವ ಬಂಡೆ ಹತ್ತಿರ ನೋಡಿದರೆ ಅರ್ಧ ನೇರಳೆ, ಅರ್ಧ ಕಿತ್ತಳೆ. ಹಚ್ಚಿ, ನೋಡಿ, ಕೆರೆದು, ಮತ್ತೆ ಹಚ್ಚಬೇಕು. ಅಷ್ಟು ಹೊತ್ತು ಕಾಯುವ ಬಣ್ಣ ಎಣ್ಣೆಬಣ್ಣ ಮಾತ್ರ.

ಒಣಗೋಕೆ ಎಷ್ಟು ದಿನ ಬೇಕು?

ನಮ್ಮ ಬದುಕೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದೊಂದು ಬಣ್ಣದ್ದು ಒಂದೊಂದು ವೇಗ. ಅಂಬರ್ ಕಂದುಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತವೆ, ತೆಳ್ಳಗೆ ಹಚ್ಚಿದರೆ ಎರಡು ಮೂರು ದಿನ ಸಾಕು. ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಕೆಂಪು, ಐವರಿ ಕಪ್ಪು ವಾರಕ್ಕೂ ಜಾಸ್ತಿ ತೆಗೆದುಕೊಳ್ಳುತ್ತವೆ. ಶಾಖ, ಬೆಳಕು, ಗಾಳಿ ಇದ್ದರೆ ಬೇಗ. ಚಳಿ, ತೇವ, ಕತ್ತಲೆ ಇದ್ದರೆ ನಿಧಾನ. ಒಂದು ಸಲ ಆರೆಗನ್ ಕರಾವಳಿಯಲ್ಲಿ ಮಳೆಗೆ ಸಿಕ್ಕಿ ಮೂರು ವಾರ ಕಾದಿದ್ದೇವೆ. ಅದೇ ಅಳತೆಯ ಚಿತ್ರ ಅರಿಜೋನಾದಲ್ಲಿ ಎಂಟು ದಿನಕ್ಕೆ ಕೈಗೆ ಅಂಟುತ್ತಿರಲಿಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. ಇಲ್ಲಿ ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಅಂತ ಸರ್ಕಾರದ ಒಂದು ಇಲಾಖೆ ಇದೆ. ಸುಮಾರು 24.5 ಕೋಟಿ ಎಕರೆ ಸಾರ್ವಜನಿಕ ಜಮೀನು ಅದರ ಕೈಯಲ್ಲಿದೆ. ಅದರ ಬಹುಪಾಲು ಜಾಗಗಳಲ್ಲಿ ಬಾಡಿಗೆ ಕೊಡದೆ ಗಾಡಿ ನಿಲ್ಲಿಸಬಹುದು, ಆದರೆ ಸಾಮಾನ್ಯವಾಗಿ 28 ದಿನದ ಅವಧಿಯಲ್ಲಿ 14 ದಿನ ಮಾತ್ರ. ಆಮೇಲೆ ಜಾಗ ಖಾಲಿ ಮಾಡಬೇಕು. ಮೊದಮೊದಲು ಈ ನಿಯಮ ಕಿರಿಕಿರಿ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಮೊದಲ ನಾಲ್ಕೈದು ದಿನ ಬರೆದ ಚಿತ್ರ ಕೊಂಡಿ ಹಾಕುವ ಹೊತ್ತಿಗೆ ಕೈಗೆ ಅಂಟದಷ್ಟು ಒಣಗಿರುತ್ತದೆ. ಹಾಗಾಗಿ ಹೊಸ ಜಾಗಕ್ಕೆ ಬಂದ ಕೂಡಲೇ ದೊಡ್ಡ ಚಿತ್ರ, ದಪ್ಪ ಬಣ್ಣ. ಎರಡನೇ ವಾರ ಚಿಕ್ಕ ಹಲಗೆ, ತೆಳು ಬಣ್ಣ. ಕೊನೆಯ ಎರಡು ದಿನ ಬರೀ ಪೆನ್ಸಿಲ್. ಈಗ ನಮಗೆ ತಿಂಗಳು ಅಂದರೆ 14 ದಿನ.

ಅವಸರ ಇದ್ದರೆ ಬಣ್ಣ ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಅನ್ನುವ ದ್ರವ ಬೆರೆಸಬಹುದು, ತೆಳು ಪದರ ಮಾರನೇ ದಿನವೇ ಒಣಗುತ್ತದೆ. ಸ್ಪರ್ಧೆಗಳಿಗೆ ಹೋಗುವಾಗ ಬಳಸುತ್ತೇನೆ. ಉಳಿದ ದಿನ ಬೇಡ. ಅದರ ಅಂಟಂಟು ಎಳೆತ ನನ್ನ ಬ್ರಷ್ಷಿಗೆ ಒಗ್ಗುವುದಿಲ್ಲ.

ಒದ್ದೆ ಚಿತ್ರ ಇಟ್ಟುಕೊಂಡು ಗಾಡಿ ಹೇಗೆ ಓಡಿಸ್ತೀರಿ?

ಒದ್ದೆ ಹಲಗೆಗಳಿಗೆ ಅಂತಲೇ ಒಳಗೆ ಸಾಲಾಗಿ ತೋಡು ಕೊರೆದ ಮರದ ಪೆಟ್ಟಿಗೆ ಸಿಗುತ್ತದೆ. ಒಂದು ತೋಡಿಗೆ ಒಂದು ಹಲಗೆ ಜಾರಿಸಿದರೆ ಮುಖಕ್ಕೆ ಮುಖ ತಾಗುವುದಿಲ್ಲ. ನಮ್ಮವರು ಮಂಚದ ಕೆಳಗೆ ಅಂಥದ್ದೇ ದೊಡ್ಡದೊಂದು ಕಪಾಟು ಮಾಡಿಕೊಟ್ಟಿದ್ದಾರೆ, ಇಪ್ಪತ್ತು ಹಲಗೆ ಹಿಡಿಸುತ್ತದೆ. ನಾನು ಹೆಚ್ಚಾಗಿ ಬರೆಯುವುದು 6x8, 8x10, 9x12 ಇಂಚು. ಅಳತೆ ಮೂರೇ ಇದ್ದರೆ ಕಪಾಟೂ ಸುಲಭ, ಚೌಕಟ್ಟೂ ಸುಲಭ. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಬಿಗಿಯುವುದು ಬಿಟ್ಟೇಬಿಟ್ಟೆ. ಗಾಡಿಯ ಕುಲುಕಾಟಕ್ಕೆ ಏನಾದರೂ ಬಂದು ಚುಚ್ಚಿದರೆ ತೂತು ಗ್ಯಾರಂಟಿ. ಈಗ ಹಲಗೆಗೆ ಅಂಟಿಸಿದ ಲಿನನ್ ಮಾತ್ರ.

ಇಡುವ ಜಾಗಕ್ಕಿಂತ ಮುಖ್ಯ ಭಾರ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಎರಡನೇ ವರ್ಷ ನಾನು ಚೌಕಟ್ಟುಗಳು, ಹಲಗೆಗಳು, ಪುಸ್ತಕಗಳು ಎಲ್ಲವನ್ನೂ ತಂದು ಹಿಂದಿನ ಗೂಡಿಗೆ ತುಂಬಿದ್ದೆ. ಅರಿಜೋನಾದ ಫ್ಲಾಗ್‌ಸ್ಟಾಫ್ ದಾಟಿ ಇಳಿಜಾರಿನಲ್ಲಿ ಹೋಗುವಾಗ ಹಿಂದಿನ ಮನೆ ಹಾವಿನ ಬಾಲದ ಹಾಗೆ ಆಚೀಚೆ ಹೊಯ್ದಾಡಲು ಶುರುವಾಯಿತು. ನಮ್ಮವರು ಟ್ರಕ್ಕಿನ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್ ಬ್ರೇಕಿನ ಗುಂಡಿಯನ್ನು ಮಾತ್ರ ಕೈಯಿಂದ ಒತ್ತಿದರು. ಗಾಡಿ ನೆಟ್ಟಗಾಯಿತು. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಇಬ್ಬರಿಗೂ ಐದು ನಿಮಿಷ ಮಾತೇ ಹೊರಡಲಿಲ್ಲ. ಅವತ್ತಿನಿಂದ ಭಾರದ್ದೆಲ್ಲ ಚಕ್ರದ ಅಚ್ಚಿನ ಮುಂದೆ. ದಾರಿಯ ಟ್ರಕ್ ನಿಲ್ದಾಣಗಳಲ್ಲಿ ತೂಕದ ಕಾಟಾ ಇರುತ್ತದೆ. ವರ್ಷಕ್ಕೆ ಎರಡು ಸಲ ತೂಗಿಸುತ್ತೇವೆ.

ಅಷ್ಟು ಚಿಕ್ಕ ಜಾಗದಲ್ಲಿ ವಾಸನೆ ಬರಲ್ವಾ?

ವಾಸನೆ ಬಣ್ಣದ್ದಲ್ಲ, ಬಣ್ಣ ತೆಳುವಾಗಿಸುವ ದ್ರಾವಕ ಟರ್ಪೆಂಟೈನಿನದು. ಅಗಸೆ ಎಣ್ಣೆಗೆ ಸ್ವಲ್ಪ ವಾಸನೆ ಇದೆ, ಅದರಿಂದ ತೊಂದರೆ ಇಲ್ಲ. ಟರ್ಪೆಂಟೈನ್ ಟ್ರೇಲರಿನ ಒಳಗೆ ಬರುವುದೇ ಬೇಡ. ತಲೆನೋವಿನ ಮಾತು ಹಾಗಿರಲಿ, ಅದು ಬೇಗ ಹೊತ್ತಿಕೊಳ್ಳುತ್ತದೆ, ನಾಲ್ಕೇ ಅಡಿ ದೂರದಲ್ಲಿ ಗ್ಯಾಸ್ ಒಲೆ ಇರುತ್ತದೆ. ಈಗಿನ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ನೆಲದ ಹತ್ತಿರ ಗ್ಯಾಸ್ ಸೋರಿಕೆ ಎಚ್ಚರಿಸುವ ಅಲಾರಂ ಇರುತ್ತದೆ. ಟರ್ಪೆಂಟೈನಿನ ಆವಿಗೂ ಅದು ಕಿರುಚಬಲ್ಲದು. ಕಿರುಚಿತು ಅಂತ ತೆಗೆದುಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಒಳಗೆ ಬರೆಯುವಾಗ ದ್ರಾವಕವನ್ನೇ ಮುಟ್ಟುವುದಿಲ್ಲ. ಬಣ್ಣ ಸಡಿಲ ಬೇಕಾದರೆ ಎರಡು ಹನಿ ಅಖರೋಟಿನ ಎಣ್ಣೆ. ಹೊರಗೆ ಬರೆಯುವಾಗ ಮಾತ್ರ ವಾಸನೆ ಕಡಿಮೆ ಇರುವ ಮಿನರಲ್ ಸ್ಪಿರಿಟ್, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ. ನೀರಿನಲ್ಲಿ ಕರಗುವ ಎಣ್ಣೆಬಣ್ಣವೂ ಈಗ ಸಿಗುತ್ತದೆ. ಮಕ್ಕಳಿರುವ ಗಾಡಿಗೆ ಅದೇ ಒಳ್ಳೆಯದು.

ಬೆಂಕಿಯ ಭಯ ಇಲ್ವಾ?

ಇದೆ, ಇರಲೇಬೇಕು. ಭಯ ಒಲೆಯದ್ದಲ್ಲ, ಮಸಿಬಟ್ಟೆಯದ್ದು.

ಮೊದಲನೇ ವರ್ಷದ ಮಾತು. ನ್ಯೂ ಮೆಕ್ಸಿಕೋದಲ್ಲಿದ್ದೆವು. ಬೆಳಿಗ್ಗೆಯೆಲ್ಲ ಬರೆದು, ಬ್ರಷ್ ಒರೆಸಿದ ಹಳೇ ಪಂಚೆಯ ತುಂಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಮೆಟ್ಟಿಲ ಕೆಳಗಿಟ್ಟಿದ್ದೆ. ಅಲ್ಲಿ ಬಿಸಿಲು ಬೀಳುವುದಿಲ್ಲ. ಸಂಜೆ ಎಸೆಯೋಣ ಅಂತ ಎತ್ತಿದರೆ ಚೀಲ ಬೆಚ್ಚಗಿತ್ತು. ಕೈ ಹಾಕಿ ನೋಡಿದೆ. ಹೊರಗಿನ ತುಂಡುಗಳು ತಣ್ಣಗೆ. ನಡುವಿನ ಮುದ್ದೆ ಆಗತಾನೇ ತಟ್ಟೆಯಿಂದ ತೆಗೆದ ಇಡ್ಲಿಯಷ್ಟು ಬಿಸಿ. ಹುರಿದ ಎಣ್ಣೆಕಾಳಿನ ಹಾಗೆ ಒಂದು ವಾಸನೆ. ಬಕೆಟ್ ನೀರಿಗೆ ಅದ್ದಿ ಅಲ್ಲೇ ಕುಳಿತೆ.

ಕಾರಣ ಇಷ್ಟೇ. ಅಗಸೆ ಎಣ್ಣೆ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಹಲಗೆಯ ಮೇಲಾದರೆ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿದ ಬಟ್ಟೆಯಲ್ಲಿ ಹೋಗಲು ದಾರಿ ಇಲ್ಲ. ಒಳಗೊಳಗೇ ಕಾವೇರುತ್ತದೆ, ಕಾವೇರಿದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕ ಎಳೆಯುತ್ತದೆ. ಕಡ್ಡಿ ಗೀರದೆ, ಕಿಡಿ ತಾಗದೆ ಬಟ್ಟೆ ಹೊತ್ತಿಕೊಳ್ಳುತ್ತದೆ. ಹಸಿ ಹುಲ್ಲು ಒಟ್ಟಿದ ಬಣವೆ ತಾನಾಗಿ ಕಾವೇರುವುದು ನಮ್ಮ ಕಡೆ ಬೇಸಾಯ ಮಾಡುವವರಿಗೆಲ್ಲ ಗೊತ್ತು. ಕಾರಣ ಬೇರೆ ಬೇರೆ, ಆದರೆ ಶಾಖ ಒಳಗೇ ಸಿಕ್ಕಿಹಾಕಿಕೊಳ್ಳುವುದು ಎರಡರಲ್ಲೂ ಒಂದೇ. ಟ್ರೇಲರಿನ ಗೋಡೆ ತೆಳು ಪ್ಲೈವುಡ್ ಮತ್ತು ಫೋಮ್. ಒಮ್ಮೆ ಹಿಡಿದರೆ ಹೊರಗೆ ಬರಲು ಸಿಗುವುದು ಕೆಲವೇ ನಿಮಿಷ.

ಈಗ ನಾವು ಮಾಡುವುದು ಹೀಗೆ. ಬಾಗಿಲ ಹೊರಗೆ ಮುಚ್ಚಳವಿರುವ ಲೋಹದ ಡಬ್ಬ, ಅದರಲ್ಲಿ ಅರ್ಧ ನೀರು. ಬಟ್ಟೆ ಬಳಸಿದ ಕೂಡಲೇ ನೀರಿನೊಳಗೆ. ಇಲ್ಲವಾದರೆ ಒಂದೊಂದೇ ತುಂಡನ್ನು ಬಿಡಿಸಿ, ಹೊರಗೆ ಹಗ್ಗದ ಮೇಲೆ ಹರವಿ, ಗರಿಗರಿಯಾಗುವ ತನಕ ಒಣಗಿಸುವುದು. ಮುದ್ದೆ ಮಾಡುವುದಿಲ್ಲ, ಜೇಬಿಗೆ ಹಾಕುವುದಿಲ್ಲ, ಟ್ರಕ್ಕಿನ ಸೀಟಿನ ಕೆಳಗೆ ಇಡುವುದಿಲ್ಲ. ಟಿಶ್ಯೂ ಪೇಪರಿಗೂ ಇದೇ ನಿಯಮ.

ಬ್ರಷ್ ಎಲ್ಲಿ ತೊಳೆಯುತ್ತೀರಿ?

ಅಡುಗೆ ಸಿಂಕಿನಲ್ಲಿ ಅಂತೂ ಅಲ್ಲ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣ ತಟ್ಟೆ ತೊಳೆಯುವ ಜಾಗಕ್ಕೆ ಬರಬಾರದು. ಮೊದಲು ಬಟ್ಟೆಗೆ ಚೆನ್ನಾಗಿ ಒರೆಸುತ್ತೇನೆ. ಆಮೇಲೆ ಸ್ವಲ್ಪ ಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸುತ್ತೇನೆ. ಕೊನೆಗೆ ಅಂಗೈಯಲ್ಲಿ ಸೋಪು, ಒಂದು ಲೋಟ ನೀರು. ನಮ್ಮ ಟ್ಯಾಂಕ್ ಹಿಡಿಸುವುದು ಸುಮಾರು 150 ಲೀಟರ್, ಇಬ್ಬರಿಗೆ ಹತ್ತು ದಿನ ಬರಬೇಕು. ಹಾಗಾಗಿ ಒರೆಸುವುದರಲ್ಲೇ ಮುಕ್ಕಾಲು ಕೆಲಸ ಮುಗಿದಿರಬೇಕು.

ಕೊಳೆಯಾದ ಸ್ಪಿರಿಟನ್ನು ಎರಡು ದಿನ ಅಲುಗಾಡಿಸದೆ ಇಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಬಗ್ಗಿಸಿಕೊಂಡು ಮತ್ತೆ ಬಳಸಬಹುದು. ತಳದ ಗಸಿಯನ್ನು ಡಬ್ಬದಲ್ಲಿ ಕೂಡಿಟ್ಟು, ಊರುಗಳಲ್ಲಿ ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡುತ್ತೇವೆ. ಮರುಭೂಮಿಯ ನೆಲಕ್ಕೆ ಒಂದು ಹನಿಯೂ ಚೆಲ್ಲಬಾರದು.

ಒಳಗೆ ಕೂತು ಬರೀತೀರಾ, ಹೊರಗಾ?

ಮುಕ್ಕಾಲು ಪಾಲು ಹೊರಗೆ. ಟ್ರೈಪಾಡಿನ ಮೇಲೆ ಪೊಚಾಡ್ ಪೆಟ್ಟಿಗೆ ಕೂರಿಸುತ್ತೇನೆ. ಮುಚ್ಚಳ ತೆರೆದರೆ ಅದೇ ಚಿತ್ರ ನಿಲ್ಲಿಸುವ ಈಸೆಲ್, ತಳವೇ ಪ್ಯಾಲೆಟ್. ಒಂದು ಚಿತ್ರಕ್ಕೆ ಎರಡು ತಾಸು. ಅದಕ್ಕಿಂತ ಜಾಸ್ತಿ ನಿಂತರೆ ನೆರಳೆಲ್ಲ ಜಾಗ ಬದಲಿಸಿ, ಬೇರೆಯದೇ ದೃಶ್ಯ ಎದುರಿಗಿರುತ್ತದೆ.

ಒಳಗೆ ಬರೆಯುವ ದಿನಗಳಿಗಾಗಿ ಟ್ರೇಲರ್ ನಿಲ್ಲಿಸುವಾಗಲೇ ಮೇಜಿನ ಕಿಟಕಿ ಉತ್ತರಕ್ಕೆ ಬರುವ ಹಾಗೆ ನೋಡಿಕೊಳ್ಳುತ್ತೇವೆ. ಉತ್ತರದ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳಿಕೊಡಲಿಲ್ಲ, ಇನ್ನೊಂದನ್ನೂ ಅಷ್ಟೆ: ಬಾಗಿಲ ಮುಂದೆ ಚಾಚುವ ಬಟ್ಟೆ ಚಪ್ಪರದ ಬಣ್ಣ ನಿಮ್ಮ ಚಿತ್ರದೊಳಗೆ ಬರುತ್ತದೆ. ನಮ್ಮದು ಕಂದು ಚಪ್ಪರ. ಅದರ ಕೆಳಗೆ ಬರೆದ ಮೊದಲ ಚಿತ್ರಗಳನ್ನು ಬಿಸಿಲಿಗೆ ತಂದಾಗ ಆಕಾಶ ಬೇಕಾದ್ದಕ್ಕಿಂತ ಎರಡು ಪಟ್ಟು ನೀಲಿ. ಕಂದು ಬೆಳಕಿನಲ್ಲಿ ನೀಲಿ ಮಂಕಾಗಿ ಕಂಡು, ನಾನು ಸುರಿಯುತ್ತಲೇ ಹೋಗಿದ್ದೆ. ಕೆಂಪು ಬಂಡೆಯ ಬುಡದಲ್ಲಿ ನಿಂತರೂ ಹಾಗೇ ಆಗುತ್ತದೆ. ಈಗ ಯಾವಾಗಲೂ ಒಂದು ಬೂದು ಬಣ್ಣದ ಕೊಡೆ ಜೊತೆಗಿರುತ್ತದೆ.

ಗಾಳಿ, ದೂಳು, ಹುಳ?

ಗಾಳಿಗೆ ಟ್ರೈಪಾಡಿನ ನಡುವೆ ಕಲ್ಲಿನ ಚೀಲ ಕಟ್ಟಿ ನೇತುಹಾಕಬೇಕು. ಜೋರಾದರೆ ಟ್ರಕ್ಕಿನ ಮರೆಗೆ ಹೋಗಬೇಕು. ಇನ್ನೂ ಜೋರಾದರೆ ಆವತ್ತಿನ ಕೆಲಸ ಬಿಡಬೇಕು. ಹಸಿ ಬಣ್ಣದ ಮೇಲೆ ಮರಳು ಕೂತರೆ ಕೀಳಲು ಹೋಗಬೇಡಿ. ಪೂರ್ತಿ ಒಣಗಿದ ಮೇಲೆ ಒಣ ಬ್ರಷ್ಷಿನಿಂದ ತಟ್ಟಿದರೆ ಮುಕ್ಕಾಲು ಉದುರುತ್ತದೆ. ಉಳಿದದ್ದು ಆ ಜಾಗದ ಮಣ್ಣು, ಚಿತ್ರದಲ್ಲೇ ಇರಲಿ ಅಂತ ಬಿಡುತ್ತೇನೆ.

ಅಡುಗೆ ಮಾಡ್ತೀರಾ? ಒಗ್ಗರಣೆ ಹೊಗೆಗೆ ಚಿತ್ರ ಹಾಳಾಗಲ್ವಾ?

ದಿನಾ ಅನ್ನ, ಸಾರು, ಪಲ್ಯ. ಆದರೆ ಒಗ್ಗರಣೆ, ದೋಸೆ ಎಲ್ಲ ಹೊರಗಿನ ಒಲೆಯಲ್ಲಿ. ಜಿಡ್ಡಿನ ಹೊಗೆ ಹಸಿ ಬಣ್ಣದ ಮೇಲೆ ಪೊರೆಯಾಗಿ ಕೂರುತ್ತದೆ. ಹಬೆಯದ್ದೂ ಕಾಟ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ಚಳಿಗಾಲದಲ್ಲಿ ಒಳಗೇ ಬೇಯಿಸಿದರೆ ಕಿಟಕಿಗಳೆಲ್ಲ ಬೆವರುತ್ತವೆ, ಹಲಗೆಗಳು ಬಾಗುತ್ತವೆ, ಬಣ್ಣ ಒಣಗುವುದೂ ನಿಧಾನ. ಅಡುಗೆ ಮಾಡುವಾಗ ಚಾವಣಿಯ ಫ್ಯಾನ್ ಓಡುತ್ತಿರಲೇಬೇಕು.

ವರ್ಷದಲ್ಲಿ ಯಾವಾಗ ಎಲ್ಲಿರುತ್ತೀರಿ?

ಹವಾಮಾನ ನೋಡಿಕೊಂಡು ಏರುತ್ತೇವೆ, ಇಳಿಯುತ್ತೇವೆ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಂಪು.

ಚಳಿಗಾಲ ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರ. ಅಲ್ಲಿ ಲಾ ಪೋಸಾ ಅನ್ನುವ ಬಿಎಲ್‌ಎಂ ಜಾಗದಲ್ಲಿ ಚಳಿಗಾಲಕ್ಕೆ 14 ದಿನದ ನಿಯಮ ಇಲ್ಲ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ ಎಷ್ಟು ದಿನ ಬೇಕಾದರೂ ಇರಲು ನಾವು ಕಟ್ಟಿದ್ದು 180 ಡಾಲರ್. ತುಂಬಾ ದೊಡ್ಡ ಚಿತ್ರಗಳನ್ನು ಅಲ್ಲೇ ಬರೆಯುತ್ತೇನೆ, ಒಣಗಲು ಸಮಯ ಸಿಗುತ್ತದೆ. ವಸಂತ ಬಂದರೆ ದಕ್ಷಿಣ ಯೂಟಾ, ಕನಾಬ್ ಮತ್ತು ಎಸ್ಕಲಾಂಟೆ ಕಡೆ. ಮರುಭೂಮಿಯ ಚಿತ್ರಗಳಿಗೆ ಹೆಸರಾದ ಮೇನಾರ್ಡ್ ಡಿಕ್ಸನ್ 1939ರಲ್ಲಿ ಬೇಸಿಗೆಮನೆ ಕಟ್ಟಿದ್ದು ಅಲ್ಲೇ ಹತ್ತಿರದ ಮೌಂಟ್ ಕಾರ್ಮೆಲ್‌ನಲ್ಲಿ. ಅವರ ಮೋಡಗಳನ್ನು ಮ್ಯೂಸಿಯಂನಲ್ಲಿ ನೋಡಿ ಇಷ್ಟು ಚೌಕಾಕಾರ ಮೋಡ ಎಲ್ಲಾದರೂ ಇರುತ್ತದಾ ಅಂದುಕೊಂಡಿದ್ದೆ. ಅಲ್ಲಿ ಹೋಗಿ ಆಕಾಶ ನೋಡಿದ ಮೇಲೆ ಆ ಮಾತು ವಾಪಸ್ ತಗೊಂಡೆ.

ಬೇಸಿಗೆಗೆ ಕೊಲರಾಡೋದ ಸಾನ್ ವಾನ್ ಬೆಟ್ಟಗಳು, 9,000 ಅಡಿಯ ಮೇಲೆ. ಸೆಪ್ಟೆಂಬರ್ ಕೊನೆಯಲ್ಲಿ ಆಸ್ಪೆನ್ ಮರಗಳು ಹಳದಿಯಾಗುತ್ತವೆ. ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೋದ ಅಬಿಕ್ಯೂ ಕಡೆ ಇಳಿದರೆ ನದಿ ದಂಡೆಯ ಕಾಟನ್‌ವುಡ್ ಮರಗಳದ್ದು ಇನ್ನೊಂದು ಹಳದಿ. ಆಸ್ಪೆನ್ ಹಳದಿ ನಿಂಬೆಯದ್ದು, ಇದು ಮಾಗಿದ ಮಾವಿನದ್ದು.

ಒಂದು ಎಚ್ಚರಿಕೆ. ಅರಿಜೋನಾಕ್ಕೂ ಮಳೆಗಾಲ ಇದೆ, ಜುಲೈಯಿಂದ ಸೆಪ್ಟೆಂಬರ್. ಒಣ ಹಳ್ಳದ ಮರಳು ಮಟ್ಟಸವಾಗಿದೆ ಅಂತ ಅಲ್ಲಿ ಗಾಡಿ ನಿಲ್ಲಿಸಬೇಡಿ. ಎಲ್ಲೋ ದೂರ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ನೀರಾಗಿ ನುಗ್ಗುತ್ತದೆ.

ಚಿತ್ರ ಮಾರಿ ಬದುಕೋಕೆ ಆಗುತ್ತಾ?

ಚಿತ್ರದ ದುಡ್ಡಲ್ಲೇ ಬದುಕುತ್ತೇವೆ ಅಂದರೆ ಸುಳ್ಳಾಗುತ್ತದೆ. ನಮ್ಮವರು ವಾರಕ್ಕೆ ಮೂರು ದಿನ ಸ್ಯಾಟಲೈಟ್ ಇಂಟರ್ನೆಟ್ ಮೂಲಕ ಕೆಲಸ ಮಾಡುತ್ತಾರೆ. ನನ್ನ ಚಿತ್ರಗಳಿಂದ ಬಣ್ಣ, ಹಲಗೆ, ಡೀಸೆಲ್, ದಿನಸಿಯ ಖರ್ಚು ಹೋಗುತ್ತದೆ. ಮನೆ ಬಾಡಿಗೆ ಇಲ್ಲದಿರುವುದರಿಂದ ಅಷ್ಟು ಸಾಕಾಗುತ್ತದೆ.

ಗ್ಯಾಲರಿಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಅವರಿಗೆ. ಒಮ್ಮೆ ಒಂದು ಗ್ಯಾಲರಿಯವರು ಮಾರಿದ ದುಡ್ಡನ್ನು ಎಂಟು ತಿಂಗಳು ಕೊಡಲಿಲ್ಲ. ಕಾಗದದ ಮೇಲೆ ಒಪ್ಪಂದ ಇಲ್ಲದೆ ಚಿತ್ರ ಬಿಟ್ಟು ಬರಬಾರದು ಅಂತ ಕಲಿತೆ. ಬಯಲಲ್ಲಿ ನಿಂತು ಬರೆಯುವ ಉತ್ಸವಗಳೂ ಇವೆ. ಶುರುವಿನಲ್ಲಿ ನಿಮ್ಮ ಖಾಲಿ ಹಲಗೆಗಳ ಹಿಂದೆ ಮೊಹರು ಒತ್ತುತ್ತಾರೆ, ಮನೆಯಿಂದ ಬರೆದು ತರುವ ಹಾಗಿಲ್ಲ. ಕೊನೆಗೆ ಮಾರಾಟ ನಡೆಯುತ್ತದೆ. ಚೌಕಟ್ಟಿನೊಳಗೆ ಬಣ್ಣ ಇನ್ನೂ ಹಸಿಯಿರುವಾಗಲೇ ಜನ ಕೊಳ್ಳುತ್ತಾರೆ. ನಮ್ಮ ಬೆಂಗಳೂರಿನ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಜನ ನೆರೆಯುವುದನ್ನು ನೋಡಿದವರಿಗೆ ಆ ಗದ್ದಲದ ಖುಷಿ ಗೊತ್ತಿರುತ್ತದೆ. ರಾಜ್ಯ ಬದಲಾದರೆ ಮಾರಾಟ ತೆರಿಗೆಯ ನಿಯಮವೂ ಬದಲು. ಹೋಗುವ ಮೊದಲೇ ವಿಚಾರಿಸಿಕೊಳ್ಳಿ.

ಹೀಗೆ ಗಾಡಿಯಲ್ಲಿ ಓಡಾಡುತ್ತಾ ಚಿತ್ರ ಬರೆದವರು ಮೊದಲೂ ಇದ್ದರಾ?

ಇದ್ದರು. 1841ಕ್ಕಿಂತ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು. ಆ ವರ್ಷ ಜಾನ್ ಗಾಫ್ ರ‍್ಯಾಂಡ್ ಅನ್ನುವ ಅಮೆರಿಕದ ಕಲಾವಿದ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದರು. ಎಣ್ಣೆಬಣ್ಣವನ್ನು ದೂರ ದೂರ ಹೊತ್ತುಕೊಂಡು ಹೋಗುವುದು ಸುಲಭವಾಗಿದ್ದು ಆಮೇಲೆ. 1857ರಲ್ಲಿ ಫ್ರಾನ್ಸಿನ ಚಿತ್ರಕಾರ ದೋಬಿನ್ಯಿ ಒಂದು ದೋಣಿಯನ್ನೇ ಚಿತ್ರಶಾಲೆ ಮಾಡಿಕೊಂಡು ನದಿಗಳಲ್ಲಿ ಓಡಾಡಿದರು. ಅವರನ್ನು ನೋಡಿ ಅಲ್ಲಿನದೇ ಚಿತ್ರಕಾರ ಕ್ಲಾಡ್ ಮೊನೆ ಕೂಡ ದೋಣಿ ಮಾಡಿಸಿಕೊಂಡರು. ಆ ದೋಣಿಯಲ್ಲಿ ಕೂತು ಮೊನೆ ಬರೆಯುತ್ತಿರುವುದನ್ನು ಅವರ ಗೆಳೆಯ, ಚಿತ್ರಕಾರ ಎದುವಾರ್ ಮಾನೆ 1874ರಲ್ಲಿ ಚಿತ್ರಿಸಿದ್ದಾರೆ.

ನನಗೆ ಹತ್ತಿರದವರು ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್. 1929ರಲ್ಲಿ ನ್ಯೂ ಮೆಕ್ಸಿಕೋಗೆ ಬಂದಾಗ ಮಾಡೆಲ್ ಎ ಫೋರ್ಡ್ ಕಾರು ಕೊಂಡು ಓಡಿಸಲು ಕಲಿತರು. ಮುಂದಿನ ಸೀಟನ್ನು ಹಿಂದಕ್ಕೆ ತಿರುಗಿಸಿಕೊಂಡು, ಹಿಂದಿನ ಸೀಟಿಗೆ ಕ್ಯಾನ್ವಾಸ್ ಒರಗಿಸಿ, ಕಾರಿನೊಳಗೇ ಕೂತು ಬರೆಯುತ್ತಿದ್ದರು. ಬಿಸಿಲಿಲ್ಲ, ಗಾಳಿಯಿಲ್ಲ. ಅಬಿಕ್ಯೂ ಹತ್ತಿರ ಗಾಳಿ ಜೋರಾದ ದಿನ ನಾನೂ ಟ್ರಕ್ಕಿನೊಳಗೆ ಹಾಗೇ ಕೂತು ಬರೆದಿದ್ದೇನೆ. ಕಿಟಕಿಯಲ್ಲಿ ಅವರು ಮತ್ತೆ ಮತ್ತೆ ಬರೆದ ಪೆಡರ್ನಾಲ್ ಬೆಟ್ಟ ಕಾಣುತ್ತಿತ್ತು.

ವಿಳಾಸ ಇಲ್ಲದೆ ಹೇಗೆ?

ಗಾಡಿಯಲ್ಲಿ ವಾಸಿಸುವವರು ಹೆಚ್ಚಾಗಿ ಸೌತ್ ಡಕೋಟಾ, ಟೆಕ್ಸಸ್ ಅಥವಾ ಫ್ಲಾರಿಡಾವನ್ನು ತಮ್ಮ ರಾಜ್ಯ ಮಾಡಿಕೊಳ್ಳುತ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಟಪಾಲು ಹಿಡಿದಿಟ್ಟು ಮುಂದಕ್ಕೆ ಕಳಿಸುವ ಸೇವೆಗಳೂ ಇವೆ. ಬಣ್ಣ ತರಿಸಬೇಕಾದರೆ ಮುಂದಿನ ಊರಿನ ಅಂಚೆ ಕಚೇರಿಗೆ 'ಜನರಲ್ ಡೆಲಿವರಿ' ಅಂತ ಬರೆಸುತ್ತೇನೆ. ಗುರುತಿನ ಚೀಟಿ ತೋರಿಸಿ ತಗೊಂಡರಾಯಿತು.

ಎಚ್-1ಬಿ ವೀಸಾದಲ್ಲಿದ್ದೇನೆ. ನಾನೂ ಹೀಗೆ ಮಾಡಬಹುದಾ?

ರಜೆಯಲ್ಲಿ ಟ್ರೇಲರ್ ತಗೊಂಡು ಹೋಗಿ ಚಿತ್ರ ಬರೆಯಿರಿ, ಏನೂ ತೊಂದರೆ ಇಲ್ಲ. ಮಾರಾಟ ಮಾತ್ರ ಬೇರೆ ವಿಷಯ. ಆ ವೀಸಾ ಕೊಟ್ಟಿರುವುದು ಒಂದು ಕಂಪನಿಯ ಕೆಲಸಕ್ಕೆ. ಕೆಲಸ ಮಾಡುವ ಊರು ಬದಲಾದರೂ ಕಂಪನಿಯವರು ಕಾಗದಪತ್ರ ಮಾಡಬೇಕಾಗಬಹುದು. ನಾವು ಹೊರಟಿದ್ದು ಇಲ್ಲಿನ ಪೌರತ್ವ ಸಿಕ್ಕ ಮೇಲೆ. ಒಂದೇ ಒಂದು ಚಿತ್ರ ಮಾರುವ ಮೊದಲೂ ವಕೀಲರನ್ನು ಕೇಳಿ.

ಒಂಟಿತನ ಕಾಡಲ್ವಾ?

ಕಾಡುತ್ತದೆ, ಹಬ್ಬದ ದಿನ ಜಾಸ್ತಿ. ಬಯಲಲ್ಲಿ ಈಸೆಲ್ ಇಟ್ಟರೆ ಯಾರಾದರೂ ಬಂದು ಮಾತಾಡಿಸುತ್ತಾರೆ ಅನ್ನುವುದು ನಿಜ. ಆದರೆ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಪಕ್ಕದಲ್ಲಿ ಯಾರೂ ಇಲ್ಲ. ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಶುರು ಮಾಡುವವರಿಗೆ ಏನು ಹೇಳ್ತೀರಿ?

ಟ್ರೇಲರನ್ನು ಮೊದಲೇ ಕೊಳ್ಳಬೇಡಿ. ಒಂದು ವಾರ ಬಾಡಿಗೆಗೆ ತಗೊಂಡು ನೋಡಿ. ಬಣ್ಣದ ಅಂಗಡಿಯಲ್ಲಿ ನಲವತ್ತು ಟ್ಯೂಬ್ ಕೊಳ್ಳಬೇಡಿ. ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಹಳದಿ, ಕ್ವಿನಾಕ್ರಿಡೋನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಕಂದು, ಇವು ಐದು ಸಾಕು. ನಿಮ್ಮ ಅಡುಗೆಮನೆಯ ಮೇಜಿನ ಮೂಲೆಯಲ್ಲಿ ಎರಡು ಅಡಿ ಜಾಗಕ್ಕೆ ಟೇಪ್ ಅಂಟಿಸಿ, ಒಂದು ತಿಂಗಳು ಅದನ್ನು ದಾಟದೆ ಬರೆಯಿರಿ. ಅಷ್ಟು ಜಾಗದಲ್ಲಿ ಸಿಟ್ಟು ಬರದೆ ಕೆಲಸ ಮಾಡಲು ಆದರೆ ಟ್ರೇಲರಿನಲ್ಲೂ ಆಗುತ್ತದೆ.

ಚಿತ್ರವನ್ನು ಊರಿಗೆ ಹೇಗೆ ಒಯ್ಯುತ್ತೀರಿ?

ಪೂರ್ತಿ ಒಣಗಿದ, ವಾರ್ನಿಶ್ ಹಚ್ಚಿದ ಚಿಕ್ಕ ಹಲಗೆಗಳನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು. ದಪ್ಪ ಬಣ್ಣದ್ದಾದರೆ ಆರು ತಿಂಗಳಿಂದ ವರ್ಷ ಕಾಯುತ್ತೇನೆ. ಟರ್ಪೆಂಟೈನ್, ಸ್ಪಿರಿಟ್ ವಿಮಾನದಲ್ಲಿ ಒಯ್ಯುವ ಹಾಗಿಲ್ಲ.

ತಲುಪಿದ ಮೇಲೆ ಎಲ್ಲಿಡುತ್ತಾರೆ ಅನ್ನುವುದೂ ಮುಖ್ಯ. ಎರಡು ವರ್ಷದ ಹಿಂದೆ ಅಮ್ಮನಿಗೆ ಸಾನ್ ವಾನ್ ಬೆಟ್ಟದ ಹಿಮದ ಚಿತ್ರ ಕೊಟ್ಟು ಬಂದಿದ್ದೆ. ದೂಳಾಗುತ್ತದೆ ಅಂತ ಅಮ್ಮ ಅದನ್ನು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟುಬಿಟ್ಟರು. ಮುಂದಿನ ಸಲ ಹೋಗಿ ತೆಗೆದರೆ ಹಿಮವೆಲ್ಲ ಹಳೇ ಜಾತಕದ ಕಾಗದದ ಬಣ್ಣಕ್ಕೆ ತಿರುಗಿತ್ತು. ಅಮ್ಮನ ಕಣ್ಣಲ್ಲಿ ನೀರು. ತಾನೇ ಹಾಳು ಮಾಡಿದೆ ಅಂದುಕೊಂಡಿದ್ದರು. ಹಾಗಲ್ಲ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ಇಟ್ಟರೆ ಬಹಳಷ್ಟು ತಿಳಿಯಾಗುತ್ತದೆ ಅಂತ ಹೇಳಿ, ನಡುಮನೆಯ ಕಿಟಕಿ ಪಕ್ಕದ ಗೋಡೆಗೆ ನೇರ ಬಿಸಿಲು ಬೀಳದ ಹಾಗೆ ಮೊಳೆ ಹೊಡೆದು ತೂಗುಹಾಕಿ ಬಂದೆ. ತಿಂಗಳಾದ ಮೇಲೆ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮಾತಿಗೆ ಮೊದಲೇ ಫೋನನ್ನು ಗೋಡೆಯ ಕಡೆ ತಿರುಗಿಸಿ ಹಿಡಿದರು. "ನೋಡೇ, ಹಿಮ ಬೆಳ್ಳಗಾಯ್ತು" ಅಂದರು.